ಬಿಡುಗಡೆಗೂ ಪ್ರಮಾಣಕ್ಕೂ ನಡುವೆ

ಮೂರು ವರ್ಷ ದೊಡ್ಡದೋ, ಏಳು ತಿಂಗಳು ದೊಡ್ಡದೋ? ಲೋವೆಲ್ ಟಿಪ್ಟನ್ ಬೆಳಗಿನಿಂದ ಇದೊಂದೇ ಲೆಕ್ಕ ಹಾಕುತ್ತ ಕೂತಿದ್ದ. ಹಾಕಿದಾಗಲೆಲ್ಲ ಬೇರೆ ಬೇರೆ ಉತ್ತರ ಬರುತ್ತಿತ್ತು. ಏಳು ತಿಂಗಳು ಈ ಕಾಡಿನಲ್ಲಿ ನಡೆದರೆ ಸೈನ್ಯದ ಋಣ ತೀರಿತು, ನೇರ ಟೆನೆಸ್ಸೀಗೆ ಮನೆಯ ದಾರಿ. ಇಂದೇ ರುಜು ಹಾಕಿದರೆ ಮೂರು ವರ್ಷ ಹೊಸದಾಗಿ ಶುರು. ಆದರೆ ಆ ಮೂರು ವರ್ಷದಲ್ಲಿ ಇಂಥ ಒಂದು ದಿನವೂ ಇರುವುದಿಲ್ಲ. ದಿನಗಳನ್ನು ಎಣಿಸುವುದೋ, ಆ ದಿನಗಳ ಕೊನೆಯಲ್ಲಿ ತಾನು ಇರುತ್ತೇನೋ ಇಲ್ಲವೋ ಎಂಬುದನ್ನು ಎಣಿಸುವುದೋ? ಮೊನ್ನೆ ಸತ್ತ ಮೂವರಲ್ಲಿ ಒಬ್ಬನಿಗೆ ಉಳಿದಿದ್ದುದು ಹನ್ನೊಂದೇ ದಿನ. ಹನ್ನೊಂದು ಚಿಕ್ಕದು ಎಂದು ಅವನೂ ಅಂದುಕೊಂಡಿದ್ದ.

ಕಣಿವೆಯ ಆಚೆ ಆ ಹಕ್ಕಿ ಕೂಗಿತು. ರೀ-ಅಪ್ ಎಂದಂತೆ ಕೇಳುವ ಎರಡೇ ಸ್ವರ, ಮತ್ತೆ ಅದೇ ಎರಡು ಸ್ವರ, ಬೇಸರವೇ ಇಲ್ಲದೆ. ಎಲೆಯ ಬಣ್ಣದ ಹಕ್ಕಿ. ಕಿವಿಗೆ ಕೇಳುವುದೇ ಹೊರತು ಕಣ್ಣಿಗೆ ಬೀಳುವುದಿಲ್ಲ. ಕೊಂಟುಮ್‌ನ ಪಡುವಣ ಗುಡ್ಡಗಳಲ್ಲಿ ತಿರುಗಿದ ಪ್ರತಿಯೊಂದು ತುಕಡಿಯೂ ಅದನ್ನು ರೀ-ಅಪ್ ಹಕ್ಕಿ ಎಂದೇ ಕರೆಯುತ್ತಿತ್ತು.

ರೀ-ಅಪ್ ಎಂದರೆ ಸೈನ್ಯದ ಕರಾರಿಗೆ ಇನ್ನೊಮ್ಮೆ ರುಜು ಹಾಕುವುದು. ಹಾಕಿದವನಿಗೆ ಕಾಡಿನ ಯುದ್ಧ ತಪ್ಪಿ, ಹಿಂದಿನ ನೆಲೆಯೊಂದರಲ್ಲಿ ಕೆಲಸ ಸಿಗುತ್ತಿತ್ತು. ಕಾಗದಪತ್ರದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು, ಅದನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ತುಕಡಿಯವರು ಈ ಮಾತನ್ನು ಎಲ್ಲದಕ್ಕೂ ಎಳೆದು ತರುತ್ತಿದ್ದರು. ಹಂದಿಮಾಂಸ ಅವರೆಕಾಳಿನ ಡಬ್ಬಿ ಯಾರಿಗೂ ಸೇರದು. ಅದನ್ನು ಎರಡನೆಯ ಸಲ ಕೇಳಿ ತಿಂದವನು ರೀ-ಅಪ್ ಆದ. ಕೈಬಿಟ್ಟು ಹೋದ ಹುಡುಗಿಗೆ ಮತ್ತೆ ಕಾಗದ ಬರೆದವನೂ ರೀ-ಅಪ್ ಆದ. ಒಮ್ಮೆ ಸುಟ್ಟುಕೊಂಡ ಕೈಯನ್ನು ಮತ್ತೆ ಒಲೆಗಿಡುವ ಪ್ರತಿಯೊಂದಕ್ಕೂ ಅದೇ ಹೆಸರು. ಆದರೆ ನಿಜವಾದ ರೀ-ಅಪ್ ಬಗ್ಗೆ, ಅದರಲ್ಲೂ ಇಂಥ ಬೆಳಿಗ್ಗೆಗಳಲ್ಲಿ, ಯಾರೂ ನಗೆಯಾಡುತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನೊಳಗೆ ಅದನ್ನು ಒಂದು ಸಲ ತೂಗಿ ನೋಡಿರುತ್ತಿದ್ದ.

"ಲೋ ಟಿಪ್ಟನ್, ಆ ಹಕ್ಕಿ ನಿನ್ನ ಹೆಸರು ಹಿಡ್ದು ಕೂಗ್ತಾ ಇದೆ" ಎಂದ ಓಡೆಲ್ ಗ್ರಿಯರ್, ಗುಂಡಿನಿಂದ ಮರೆಯಾಗಲು ತೋಡಿದ ಹೊಂಡದ ಅಂಚಿನಲ್ಲಿ ಕೂತು ಬೂಟಿನ ದಾರ ಬಿಗಿಯುತ್ತ.

"ನಿನ್ನದೂ ಇರಬಹುದು."

"ನನ್ನ ಹೆಸರು ಅದಕ್ಕೆ ಬರಲ್ಲ. ಗ್ರಿಯರ್ ಮನೆತನದೋರು ಅಂಥ ಕಾಗದ ಮುಟ್ಟಲ್ಲ."

ಆ ಕಥೆ ತುಕಡಿಗೆಲ್ಲ ಬಾಯಿಪಾಠ. ಓಡೆಲ್‌ನ ಅಜ್ಜ ದಕ್ಷಿಣ ಕೆರೊಲಿನಾದಲ್ಲಿ ಬಿಳಿಯನೊಬ್ಬನ ಹತ್ತಿ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಪ್ರತಿ ಜನವರಿ ಧಣಿಯ ಜಗಲಿಗೆ ಹೋಗಿ, ಓದಲು ಬಾರದ ಕಾಗದದ ಕೆಳಗೆ ರುಜುವಿನ ಬದಲು ಒಂದು ಗೀಟು, ಅದರ ಮೇಲೊಂದು ಅಡ್ಡಗೀಟು ಎಳೆದು ಬರುತ್ತಿದ್ದ. ಅಲ್ಲಿಗೆ ಇನ್ನೊಂದು ವರ್ಷ. ಹಾಗೆ ನಲವತ್ತೊಂದು ಗುರುತು ಹಾಕಿ ಸತ್ತ. ಓಡೆಲ್‌ಗೆ ಅಕ್ಷರ ಕಲಿಸಿದ ತಾಯಿ ಮೊದಲ ದಿನವೇ ಹೇಳಿದ್ದಳಂತೆ: ಮುಗಿದದ್ದನ್ನು ಮತ್ತೆ ಶುರು ಮಾಡೋ ಕಾಗದಕ್ಕೆ ನಿನ್ನ ಹೆಸರು ಬರೀಬೇಡ. ಅವನನ್ನು ಸೈನ್ಯ ಕರೆದುಕೊಂಡದ್ದು, ಅವನು ತಾನಾಗಿ ಬಂದದ್ದಲ್ಲ. ಉಳಿದದ್ದು ಐದು ತಿಂಗಳು. ಊರಲ್ಲಿ ಹೆಂಡತಿ ವರ್ನೆಲ್, ಅವನಿನ್ನೂ ಮುಖ ನೋಡದ ಒಂದು ಮಗು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನು ಓಡೆಲ್. ಅವನ ಹಿಂದೆ ಐದು ಹೆಜ್ಜೆ ಬಿಟ್ಟು ಲೋವೆಲ್. ಮುಂದಿನವನು ನೆಲ ನೋಡುತ್ತಾನೆ, ಸಿಡಿಗುಂಡಿಗೆ ಕಟ್ಟಿದ ತಂತಿ ಇದೆಯೇ, ಮಣ್ಣು ಕೆದಕಿದೆಯೇ ಎಂದು. ಹಾಗೆ ನೆಲ ನೋಡುವವನಿಗೆ ಮರದ ಮೇಲಿರುವುದು ಕಾಣದು. ಅದನ್ನು ನೋಡುವುದು ಎರಡನೆಯವನ ಕೆಲಸ. ಓಡೆಲ್ ಕತ್ತೆತ್ತುವುದೇ ಇಲ್ಲ ಎಂದು ತುಕಡಿಯಲ್ಲಿ ಹೇಳುತ್ತಿದ್ದರು. ಅದು ಧೈರ್ಯವಲ್ಲ, ಹಿಂದೆ ನಡೆಯುವ ತನ್ನ ಮೇಲೆ ಅವನಿಟ್ಟ ನಂಬಿಕೆ ಎಂದು ಲೋವೆಲ್‌ಗೆ ಗೊತ್ತಿತ್ತು. ಒಂದೊಂದು ಸಲ ಆ ನಂಬಿಕೆಯೇ ಲೋವೆಲ್‌ನ ಹೆಗಲಿಗೆ ಎಲ್ಲ ಹೊರೆಗಿಂತ ಭಾರವಾಗುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಹೆಲಿಕಾಪ್ಟರ್ ಬಂತು. ಡಬ್ಬಿಗಳಲ್ಲಿ ಬಿಸಿ ಊಟ, ಒಂದು ಚೀಲ ಅಂಚೆ, ಎರಡು ಪೆಟ್ಟಿಗೆ ತಂಪು ಸೋಡಾ. ಅದರ ಜೊತೆ ಬಗಲಲ್ಲಿ ಕಡತ ಹಿಡಿದ ಸಾರ್ಜೆಂಟ್ ಬಾಕ್ಸ್‌ಲಿ. ಮರುರುಜು ಮಾಡಿಸುವುದೇ ಅವನ ಉದ್ಯೋಗ. ಹೆಣಗಳು ಹೋದ ಎರಡನೆಯ ದಿನ ಬಿಸಿ ಊಟದೊಂದಿಗೆ ಅವನು ಇಳಿಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಕೆಟ್ಟ ಮನುಷ್ಯನೇನಲ್ಲ. ಯಾರನ್ನೂ ಎಳೆಯುತ್ತಿರಲಿಲ್ಲ, ಬಿದ್ದ ಮರವೊಂದರ ಹಿಂದೆ ಕೂತು ಕಾಯುತ್ತಿದ್ದ, ಅಷ್ಟೇ.

"ಬಂದ ನೋಡು, ಜೀವಾವಧಿ" ಎಂದ ಯಾರೋ. ಬದುಕೆಲ್ಲ ಸೈನ್ಯದಲ್ಲೇ ಕಳೆಯುವವರಿಗೆ ತುಕಡಿ ಕೊಟ್ಟ ಹೆಸರದು, ಶಿಕ್ಷೆಯ ಹೆಸರು.

ಲೋವೆಲ್ ಮೂತ್ರಕ್ಕೆ ಹೋಗುವವನಂತೆ ಎದ್ದು, ಸುತ್ತು ಬಳಸಿ ಮರದ ಹಿಂದೆ ಹೋದ.

"ಕೂತ್ಕೋ" ಎಂದ ಬಾಕ್ಸ್‌ಲಿ. "ಲಾರಿ ಓಡ್ಸೋಕೆ ಬರುತ್ತಾ?"

"ಊರಲ್ಲಿ ಮರದ ಲಾರಿ ಓಡಿಸ್ತಿದ್ದೆ."

"ಹಾಗಾದ್ರೆ ಕೇಳು. ಕರಾವಳಿ ನೆಲೆಯಲ್ಲಿ ಲಾರಿ ಕೆಲ್ಸ. ತಗಡಿನ ಸೂರು, ಹಾಸಿಗೆ, ಸ್ನಾನಕ್ಕೆ ನೀರು. ರುಜು ಹಾಕಿದ್ರೆ ಈ ಹೆಲಿಕಾಪ್ಟರಲ್ಲೇ ನನ್ನ ಜೊತೆ ಬರ್ತೀಯ. ಎರಡು ಗಂಟೆಗೆ ಹೊರಡೋದು. ನಿನ್ನನ್ನ ನಾನು ಬಲವಂತ ಮಾಡಲ್ಲ. ಆದ್ರೆ ಒಂದು ಮಾತು, ಈ ತಿಂಗಳು ನನ್ನ ಹತ್ರ ಇರೋದು ಒಂದೇ ಜಾಗ. ಯಾರ ಕೈ ಮೊದಲು ಎದ್ದಿತೋ ಅವರದು."

ಅಷ್ಟರಲ್ಲಿ ತುಕಡಿಯ ನಾಯಕ ಲೆಫ್ಟಿನೆಂಟ್ ಕೀನ್ ಆಚೆಯಿಂದ ಕರೆದ. ಬಾಕ್ಸ್‌ಲಿ ಕಡತವನ್ನು ಮರದ ಬೊಡ್ಡೆಯ ಮೇಲಿಟ್ಟು ಎದ್ದು ಹೋದ. ಬೆಟ್ಟದ ಗಾಳಿ ಬಂದು ಕಡತದ ರಟ್ಟನ್ನು ಎತ್ತಿತು. ಕಾಗದಗಳು ಹಾರಿಹೋದಾವು ಎಂದು ಲೋವೆಲ್ ಅಂಗೈ ಇಟ್ಟು ಒತ್ತಿ ಹಿಡಿದ. ಹಿಡಿದ ಕೈಯ ಕೆಳಗೇ ಆ ಹೆಸರಿತ್ತು.

ಓಡೆಲ್ ಜೇಮ್ಸ್ ಗ್ರಿಯರ್. ಆ ಬರಹ ಅವನಿಗೆ ಪರಿಚಿತ. ವರ್ನೆಲ್‌ಗೆ ಬರೆಯುವ ಕಾಗದಗಳ ಮೇಲೆ ನೂರು ಸಲ ನೋಡಿದ್ದ, ಗೆರೆಯ ಮೇಲೆ ಒಂದೊಂದೇ ಅಕ್ಷರವನ್ನು ಕೂರಿಸಿ ಬರೆದಂತಿರುವ ಬರಹ. ಊರು, ಹುಟ್ಟಿದ ದಿನ, ಹೆಂಡತಿಯ ಹೆಸರು, ಮಗುವಿನ ಹೆಸರು. ಬೇಕಾದ ಕೆಲಸ: ಲಾರಿ. ಎಲ್ಲವನ್ನೂ ತುಂಬಿತ್ತು. ಕೆಳಗೆ ರುಜುವಿನ ಜಾಗ ಮಾತ್ರ ಖಾಲಿ. ಮೂರು ವಾರದ ಹಿಂದಿನ ತಾರೀಖು.

ಲೋವೆಲ್ ಅದನ್ನು ಎರಡು ಸಲ ಓದಿದ. ಆಮೇಲೆ ಇನ್ನೆರಡು ಕಾಗದಗಳ ಅಡಿಗೆ ಸರಿಸಿ, ರಟ್ಟು ಮುಚ್ಚಿ, ಮೇಲೊಂದು ಕಲ್ಲಿಟ್ಟ. ಯಾಕೆ ಅಡಿಗೆ ಸರಿಸಿದೆ ಎಂದು ಆಗ ತನ್ನನ್ನು ಕೇಳಿಕೊಳ್ಳಲಿಲ್ಲ. ಕೈ ತನ್ನಷ್ಟಕ್ಕೆ ಮಾಡಿದ ಕೆಲಸ ಎಂದು ಬಹಳ ವರ್ಷ ಅಂದುಕೊಂಡ. ಕೈಗಳು ತಮ್ಮಷ್ಟಕ್ಕೆ ಏನನ್ನೂ ಮಾಡುವುದಿಲ್ಲ ಎಂಬುದು ತಿಳಿಯಲು ಇನ್ನೂ ಬಹಳ ವರ್ಷ ಬೇಕಾಯಿತು.

ಬಾಕ್ಸ್‌ಲಿ ತಿರುಗಿ ಬಂದ. "ಏನಂದೆ?"

"ಊಟ ಮಾಡಿ ಹೇಳ್ತೀನಿ" ಎಂದ ಲೋವೆಲ್.

ಊಟದ ಸಾಲಿನಲ್ಲಿ ಓಡೆಲ್ ಅವನ ಮುಂದೆಯೇ ನಿಂತಿದ್ದ, ಜಾಡಿನಲ್ಲಿ ಇರುವಂತೆಯೇ. ಆಗಲೇ ಲೋವೆಲ್ ಗಮನಿಸಿದ್ದು, ಅವನು ಗಡ್ಡ ಹೆರೆದಿದ್ದ. ಇಪ್ಪತ್ತು ದಿನದಿಂದ ಕಾಡಿನಲ್ಲಿ ಒಬ್ಬನೂ ಗಡ್ಡ ಹೆರೆದಿರಲಿಲ್ಲ. ಕುಡಿಯುವ ನೀರಿಗೇ ಅಳತೆ. ಅವನ ದವಡೆಯ ಮೇಲೆ ಒಣಗಿದ ಸಾಬೂನಿನ ಬಿಳಿ ಗೆರೆಯೊಂದು ಉಳಿದಿತ್ತು. ಮರುರುಜುವಿಗೆ ಪ್ರಮಾಣ ಮಾಡುವವನು ಗಡ್ಡ ತೆಗೆದು ನಿಲ್ಲಬೇಕೆಂಬುದು ಲೆಫ್ಟಿನೆಂಟ್ ಕೀನ್‌ನ ಒಂದೇ ಒಂದು ಹಟ.

"ಏನೋ ಇದು, ಮದುವೆ ಗಂಡಿನ ಹಾಗೆ?" ಎಂದ ಹಿಂದಿನಿಂದ ಫೆರಿಸ್, ಕಳೆದ ವಾರ ಸೇರಿದ ಹೊಸಬ.

"ಬಿಸಿ ಊಟಕ್ಕೆ ಮರ್ಯಾದೆ ಕೊಡ್ಬೇಕು ಮಗನೇ. ನಿಮ್ಮಮ್ಮ ಹೇಳಿಕೊಡಲಿಲ್ವಾ?" ಎಂದ ಓಡೆಲ್.

ಇಬ್ಬರೂ ತಟ್ಟೆ ಹಿಡಿದು ತಮ್ಮ ಹೊಂಡದ ಬಳಿ ಬಂದು ಕೂತರು. ದನದ ಮಾಂಸ, ಹಿಸುಕಿದ ಆಲೂಗಡ್ಡೆ, ಬ್ರೆಡ್ಡು.

"ಮರದ ಹಿಂದೆ ಹೋಗಿದ್ದೆ ಅಲ್ವಾ?" ಎಂದ ಓಡೆಲ್, ತಟ್ಟೆಯಿಂದ ಕಣ್ಣೆತ್ತದೆ.

"ಹೂಂ."

"ಏನಂತಾನೆ ಜೀವಾವಧಿ?"

"ಜಾಗ ಇದೆಯಂತೆ. ಲಾರಿ."

"ಎಷ್ಟಿದೆ?"

ಇಲ್ಲಿ ಲೋವೆಲ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಒಂದು."

ಓಡೆಲ್ ಬ್ರೆಡ್ಡಿನ ತುಂಡಿನಿಂದ ತಟ್ಟೆಯನ್ನು ಒರೆಸತೊಡಗಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಕೊನೆಗೆ ಆ ಬ್ರೆಡ್ಡನ್ನು ತಿನ್ನದೆ ತಟ್ಟೆಯ ಅಂಚಿಗಿಟ್ಟ.

"ಹಾಕ್ಬಿಡು ರುಜು" ಎಂದ.

"ನೀನು?" ಕೇಳುವಾಗ ತನ್ನ ದನಿ ಎಷ್ಟು ಸಹಜವಾಗಿದೆ ಎಂದು ಲೋವೆಲ್‌ಗೇ ಆಶ್ಚರ್ಯವಾಯಿತು.

"ನಾನಾ? ಅಜ್ಜ ಗೋರಿಯಿಂದ ಎದ್ದು ಬರ್ತಾನೆ." ಓಡೆಲ್ ನಕ್ಕ. ಎಂದಿನ ನಗೆಯೇ, ಆದರೆ ಮುಖ ಕಣಿವೆಯ ಕಡೆಗಿತ್ತು. "ಐದು ತಿಂಗಳು, ಟಿಪ್ಟನ್. ಐದು ತಿಂಗಳು ನಾನು ಕುಂಟುಗಾಲಲ್ಲೂ ನಡೀತೀನಿ."

ನಿನ್ನ ಕಾಗದ ನೋಡಿದೆ ಎಂದುಬಿಟ್ಟರೆ ಸಾಕಿತ್ತು. ಮೂರು ಪದ. ಆ ಮೂರು ಪದ ಲೋವೆಲ್‌ನ ನಾಲಿಗೆಯ ತುದಿಯವರೆಗೆ ಬಂದು ನಿಂತವು. ಆಡಿದ್ದರೆ ಓಡೆಲ್ ಮೊದಲು ಇಲ್ಲವೆನ್ನುತ್ತಿದ್ದ, ಆಮೇಲೆ ಸಿಟ್ಟಾಗುತ್ತಿದ್ದ, ಆಮೇಲೆ ಬಹುಶಃ ಮರದ ಕಡೆ ನಡೆದು ಹೋಗುತ್ತಿದ್ದ. ಇಬ್ಬರಿಗೂ ಒಂದೇ ಜಾಗ. ಮಗು ಇದ್ದದ್ದು ಒಬ್ಬನಿಗೆ. ಆದರೆ ಓಡೆಲ್ ತಾನೇ ತನ್ನ ಬಾಯಿಂದ ಬೇಡ ಎಂದಿದ್ದ. ಅಜ್ಜನ ಹೆಸರು ಹಿಡಿದು ಹೇಳಿದ್ದ. ಆ ಉತ್ತರ ಲೋವೆಲ್‌ಗೆ ಬೇಕಾಗಿತ್ತು. ಬೇಕಾಗಿದ್ದುದು ಸಿಕ್ಕಿತು, ಅದನ್ನು ತೆಗೆದುಕೊಂಡ.

"ಹಾಗಾದ್ರೆ ಹೋಗಿ ಹೇಳ್ತೀನಿ" ಎಂದು ಎದ್ದ.

ಒಂದೂವರೆ ಗಂಟೆಗೆ ಹೆಲಿಕಾಪ್ಟರ್ ಇಳಿದಿದ್ದ ಬಯಲಿನ ಅಂಚಿನಲ್ಲಿ ತುಕಡಿ ಸೇರಿತು. ಪಹರೆಗೆ ನಿಂತವರನ್ನು ಬಿಟ್ಟರೆ ಹದಿನಾಲ್ಕು ಜನ. ಮೊನ್ನೆಯವರೆಗೆ ಇನ್ನೂ ಹೆಚ್ಚಿದ್ದರು. ಲೋವೆಲ್ ತಣ್ಣೀರಿನಲ್ಲಿ ಗಡ್ಡ ಹೆರೆದು, ಕುತ್ತಿಗೆಯನ್ನು ಎರಡು ಕಡೆ ಕೊಯ್ದುಕೊಂಡು ಬಂದು ನಿಂತ.

ಹಳೆಯ ಕರಾರಿನಿಂದ ಮೊದಲು ಬಿಡುಗಡೆಯಾಗಬೇಕು, ಹೊಸದಕ್ಕೆ ಪ್ರಮಾಣ ಆಮೇಲೆ. ನಡುವಿನ ಗಳಿಗೆಯಲ್ಲಿ ಮನುಷ್ಯ ಸೈನಿಕನಲ್ಲ. ನೆಲೆಯ ಕಚೇರಿಗಳಲ್ಲಿ ಆ ಗಳಿಗೆ ಒಂದು ಕಾಗದ ಮಗುಚುವಷ್ಟು ಹೊತ್ತು ಇರುತ್ತಿತ್ತು. ಈ ತುಕಡಿಯಲ್ಲಿ ಅದಕ್ಕೊಂದು ಪದ್ಧತಿ ಬೆಳೆದಿತ್ತು. ಸೈನಿಕನಲ್ಲದವನ ಕೈಯಲ್ಲಿ ಸರ್ಕಾರದ ರೈಫಲ್ ಇರಬಾರದು, ಆದ್ದರಿಂದ ಅವನ ಆಪ್ತ ಗೆಳೆಯ ಅದನ್ನು ತೆಗೆದುಕೊಂಡು ನಿಲ್ಲಬೇಕು. ಅವನನ್ನು ಮಿಸ್ಟರ್ ಎಂದೇ ಕರೆಯಬೇಕು. ಪ್ರಮಾಣಕ್ಕೆ ಲೆಫ್ಟಿನೆಂಟ್ ಅವಸರ ಮಾಡುವಂತಿಲ್ಲ. ಆ ಮನುಷ್ಯ ತಾನಾಗಿ ಬಲಗೈ ಎತ್ತುವವರೆಗೆ ಕಾಯಬೇಕು. ಎತ್ತದೆ ಹೋದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇದುವರೆಗೆ ಎತ್ತದೆ ಹೋದವರಿಲ್ಲ.

ಲೆಫ್ಟಿನೆಂಟ್ ಕೀನ್ ಬಿಡುಗಡೆಯ ಕಾಗದ ಓದಿ ಕೈಗೆ ಕೊಟ್ಟ. "ಗೌರವದಿಂದ ಬಿಡುಗಡೆ ಮಾಡಲಾಗಿದೆ. ನಮಸ್ಕಾರ, ಮಿಸ್ಟರ್ ಟಿಪ್ಟನ್."

ಓಡೆಲ್ ಮುಂದೆ ಬಂದು ಲೋವೆಲ್‌ನ ರೈಫಲ್ ತೆಗೆದುಕೊಂಡ. ತನ್ನದು ಒಂದು ಹೆಗಲಿಗೆ, ಅವನದು ಇನ್ನೊಂದಕ್ಕೆ.

"ಟಿಪ್ಟನ್ ಅವ್ರೇ, ಇಷ್ಟು ದೂರ ಬಂದಿದ್ದೀರಿ, ನಮ್ಮೂರು ಹೇಗನ್ನಿಸ್ತು?" ಎಂದ ಒಬ್ಬ.

"ಬಿಸಿಲಲ್ಲಿ ನಿಂತಿದ್ದೀರಲ್ಲ, ಕುರ್ಚಿ ತರಿಸ್ಲಾ ಸಾರ್?"

"ಸಾರ್, ನಮ್ಮ ಲೆಫ್ಟಿನೆಂಟರ ಮೇಲೆ ಏನಾದ್ರೂ ದೂರಿದ್ರೆ ಈಗ್ಲೇ ಹೇಳ್ಬಿಡಿ. ಆಮೇಲೆ ಹೇಳೋಕಾಗಲ್ಲ."

ಮೂರು ದಿನದಲ್ಲಿ ಮೊದಲ ಸಲ ಅಲ್ಲೊಂದು ನಗೆ ಎದ್ದಿತು. ಕೀನ್ ಕೂಡ ನೆಲ ನೋಡುತ್ತ ನಕ್ಕ. ನಗೆ ತಾನಾಗಿ ಅಡಗಿತು. ಎಲ್ಲರೂ ಲೋವೆಲ್‌ನ ಬಲಗೈ ನೋಡುತ್ತ ನಿಂತರು.

ಕೈ ಏಳಲಿಲ್ಲ. ಅವನು ಓಡೆಲ್‌ನನ್ನು ನೋಡಿದ. ಎರಡು ರೈಫಲ್ ಹೊತ್ತು, ನುಣ್ಣಗೆ ಹೆರೆದ ಗಲ್ಲದಲ್ಲಿ ಓಡೆಲ್ ಅವನನ್ನೇ ನೋಡುತ್ತಿದ್ದ. ಸಾಬೂನಿನ ಗೆರೆ ಇನ್ನೂ ಅಲ್ಲಿತ್ತು. ಲೋವೆಲ್‌ಗೆ ಆಗ ಹೊಳೆದದ್ದು ಇಷ್ಟು: ಈಗ ತಾನು ಯಾರ ಆಳೂ ಅಲ್ಲ. ಒಂದು ಹೆಜ್ಜೆ ಪಕ್ಕಕ್ಕಿಟ್ಟು, ಇವನು ನಿಲ್ಲಬೇಕಾದ ಜಾಗ ಇದು ಎಂದರೆ ತಡೆಯುವವರಿಲ್ಲ. ಬದುಕಿನಲ್ಲಿ ಅಷ್ಟು ಬಿಡುವಾದ ಜಾಗದಲ್ಲಿ ಅವನು ಹಿಂದೆಂದೂ ನಿಂತಿರಲಿಲ್ಲ.

ಹಕ್ಕಿ ಕೂಗುತ್ತಿತ್ತು.

"ಮನೆಗೆ ಹೋಗಿ, ಟಿಪ್ಟನ್ ಅವ್ರೇ" ಎಂದ ಓಡೆಲ್ ಮೆಲ್ಲಗೆ. ಪದ್ಧತಿಯ ಮಾತಿನಂತೆಯೇ ಇತ್ತು, ಆದರೆ ಯಾರೂ ನಗಲಿಲ್ಲ.

ಲೋವೆಲ್ ಬಲಗೈ ಎತ್ತಿದ.

ಪ್ರಮಾಣ ಚಿಕ್ಕದು. ಲೆಫ್ಟಿನೆಂಟ್ ತುಂಡುತುಂಡಾಗಿ ಹೇಳಿದ, ಅವನು ಹಾಗೆಯೇ ಹೇಳಿದ. ಆಮೇಲೆ ಬಾಕ್ಸ್‌ಲಿ ಕಡತ ಚಾಚಿದ, ಅವನು ರುಜು ಹಾಕಿದ. ಓಡೆಲ್ ರೈಫಲ್ ತಿರುಗಿಸಿ ಕೊಟ್ಟ. "ಮತ್ತೆ ಸಿಕ್ಕಿಹಾಕ್ಕೊಂಡೆ ಮಗನೇ" ಎಂದ. ಅದೂ ಪದ್ಧತಿಯ ಮಾತು.

ಹೆಲಿಕಾಪ್ಟರ್ ಮೇಲೆದ್ದಾಗ ತುಕಡಿ ಆಗಲೇ ಸಾಲುಗಟ್ಟುತ್ತಿತ್ತು. ಮುಂದೆ ಓಡೆಲ್, ಬಗ್ಗಿಸಿದ ಕತ್ತು. ಅವನ ಹಿಂದೆ ಐದು ಹೆಜ್ಜೆ ಬಿಟ್ಟು ಫೆರಿಸ್. ಫೆರಿಸ್ ಕೂಡ ನೆಲವನ್ನೇ ನೋಡುತ್ತಿದ್ದ. ಮೇಲೆ ನೋಡೋ, ಮೇಲೆ, ಎಂದು ಲೋವೆಲ್ ಕೂಗಿದ. ಯಂತ್ರದ ಗದ್ದಲದಲ್ಲಿ ಅದು ಪಕ್ಕದಲ್ಲಿದ್ದ ಬಾಕ್ಸ್‌ಲಿಗೂ ಕೇಳಿಸಲಿಲ್ಲ.

ಅವನು ಮೂರು ವರ್ಷ ಲಾರಿ ಓಡಿಸಿದ. ಗಾಜಿನ ಮೇಲೆ ಒಂದು ಗೀರೂ ಬೀಳಲಿಲ್ಲ. ಓಡೆಲ್ ಐದು ತಿಂಗಳಲ್ಲಿ ನಾಲ್ಕು ತಿಂಗಳು ನಡೆದ. ಮರದ ಮೇಲಿಂದ ಬಿದ್ದ ಸಿಡಿಗುಂಡು ಫೆರಿಸ್‌ನನ್ನು ಕೊಂದಿತು; ಓಡೆಲ್‌ನ ಎಡಗಿವಿ ಹೋಯಿತು, ಉಳಿದ ಓಡೆಲ್ ಊರು ಸೇರಿದ. ಅದನ್ನು ಅವನು ಕ್ರಿಸ್‌ಮಸ್ ಕಾರ್ಡಿನ ಹಿಂಬದಿಯಲ್ಲಿ, ಅದೇ ಕೂರಿಸಿದಂಥ ಅಕ್ಷರಗಳಲ್ಲಿ ಬರೆದಿದ್ದ. ಆಮೇಲೆ ಪ್ರತಿ ವರ್ಷವೂ ಕಾರ್ಡು ಬಂತು. ಪ್ರತಿ ವರ್ಷವೂ ಲೋವೆಲ್ ಉತ್ತರವಾಗಿ ಒಂದು ಕಾರ್ಡು ಕಳಿಸಿದ, ಹೆಸರಷ್ಟೇ ಬರೆದು.

ಹದಿನೆಂಟು ವರ್ಷದ ಮೇಲೆ, ಆಗಸ್ಟಿನ ಒಂದು ಮಧ್ಯಾಹ್ನ, ಓಡೆಲ್ ಕಾರು ಓಡಿಸಿಕೊಂಡು ಟೆನೆಸ್ಸೀಗೆ ಬಂದ. ಅಂದು ಅವನು ಮುಖ ನೋಡದೆ ಇದ್ದ ಮಗು ಜನೀವ. ಈಗ ಅವಳನ್ನು ನ್ಯಾಶ್‌ವಿಲ್‌ನ ಕಾಲೇಜಿಗೆ ಬಿಡಲು ಹೊರಟಿದ್ದ. ಲೋವೆಲ್ ಕೌಂಟಿಯ ಶಾಲಾ ಬಸ್ಸುಗಳ ರಿಪೇರಿ ಶೆಡ್ಡಿನಲ್ಲಿದ್ದ. ಇಬ್ಬರೂ ಬಸ್ಸೊಂದರ ಮೆಟ್ಟಿಲ ಮೇಲೆ ಕೂತು, ಲೋವೆಲ್‌ನ ಹೆಂಡತಿ ಕಳಿಸಿದ ಮಂಜುಗಡ್ಡೆ ಹಾಕಿದ ಸಿಹಿ ಚಹಾ ಕುಡಿಯುತ್ತ, ಟೊಮೆಟೊ ಸ್ಯಾಂಡ್‌ವಿಚ್ ತಿಂದರು. ಜನೀವ ರಸ್ತೆಯಾಚೆಯ ಅಂಗಡಿಗೆ ಹೋಗಿದ್ದಳು.

"ಈ ಕಡೆ ಕೂತ್ಕೋ, ಆ ಕಿವಿ ಸತ್ತಿದೆ" ಎಂದ ಓಡೆಲ್. ಲೋವೆಲ್ ಎದ್ದು ಬಲಕ್ಕೆ ಬಂದ.

"ನಿಂಗೊಂದು ವಿಷ್ಯ ಹೇಳ್ಬೇಕು" ಎಂದ ಓಡೆಲ್. "ವರ್ನೆಲ್‌ಗೂ ಹೇಳಿಲ್ಲ. ಅಜ್ಜನ ಕಥೆ ಹೇಳ್ಕೊಂಡು ತಿರುಗ್ತಿದ್ದೆನಲ್ಲ, ನಾನೂ ಒಂದು ಕಾಗದ ತುಂಬಿ ಕೊಟ್ಟಿದ್ದೆ ಕಣೋ. ನೀನು ಹೋದ ದಿನ ರುಜು ಹಾಕೋಣ ಅಂತಾನೇ ಗಡ್ಡ ತೆಗೆದಿದ್ದು."

"ಹೌದಾ" ಎಂದ ಲೋವೆಲ್.

"ಹೂಂ. ಬಿಸಿ ಊಟಕ್ಕೆ ಅಂದಿದ್ದೆ." ಓಡೆಲ್ ನಕ್ಕ. "ನೀನು ಒಂದೇ ಜಾಗ ಅಂದೆ. ನಿನ್ನ ಮುಖ ನೋಡಿದ್ರೆ ಇನ್ನೊಂದು ವಾರ ತಡೆಯೋ ಹಾಗಿರಲಿಲ್ಲ. ಹೋಗ್ಲಿ ಅಂದ್ಕೊಂಡೆ. ನಿಂಗೆ ಗೊತ್ತಾದ್ರೆ ನೀನು ಹೋಗೋನಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ."

ಲೋವೆಲ್ ಲೋಟದ ತಳದ ಮಂಜುಗಡ್ಡೆ ನೋಡುತ್ತಿದ್ದ. ಶೆಡ್ಡಿನ ಒಳಗೆ ಯಾರೋ ಸ್ಪ್ಯಾನರ್ ಬೀಳಿಸಿದರು.

"ಅವಳು ಬಂದ್ಲು" ಎಂದು ಓಡೆಲ್ ಎದ್ದ. ಲೋವೆಲ್‌ನ ಭುಜ ಹಿಡಿದು ಒಮ್ಮೆ ಅಲುಗಿಸಿದ. ಜನೀವ ಕಾರಿನ ಕಿಟಕಿಯಿಂದ ಕೈಬೀಸಿದಳು. ತಂದೆಯದೇ ದವಡೆ.

ಓಡೆಲ್ ಆಮೇಲೆ ಇನ್ನೂ ಹನ್ನೆರಡು ವರ್ಷ ಬದುಕಿದ್ದ, ಹನ್ನೆರಡು ಕಾರ್ಡು ಕಳಿಸಿದ. ಕಡತದಲ್ಲಿ ಅವನ ಕಾಗದವನ್ನು ತಾನು ಅಂದೇ ನೋಡಿದ್ದೆ ಎಂದು ಲೋವೆಲ್ ಅವನಿಗೆ ಎಂದೂ ಹೇಳಲಿಲ್ಲ.